ಬಿಯರಿಗೆ ಬಿಸಿಲು ತಾಗಬಾರದು

ನಮ್ಮ ಸೋದರಮಾವ ಈ ಜೀವಮಾನದಲ್ಲಿ ಕುಡಿದ ಬಿಯರಿಗಿಂತ ಮೂಸಿ ವಾಪಸು ಕಳಿಸಿದ ಬಿಯರೇ ಹೆಚ್ಚು. ಹೇಳಿದರೆ ಯಾರೂ ನಂಬುವುದಿಲ್ಲ. ಕುಡಿಯುವವರು ಕುಡಿಯುತ್ತಾರೆ, ಬಿಟ್ಟವರು ಬಿಟ್ಟಿರುತ್ತಾರೆ. ಬಾರಿಗೆ ಹೋಗಿ, ಬಾಟಲಿಯ ಮುಚ್ಚಳ ತೆಗೆಸಿ, ಮೂಗಿನ ಹತ್ತಿರ ಹಿಡಿದು, "ಇದು ಬ್ಯಾಡ, ಬಿಸಿಲು ಕಂಡೈತೆ" ಎಂದು ಎದ್ದು ಬರುವವರು ಎಲ್ಲಾದರೂ ಇದ್ದಾರೆಯೇ? ಇದ್ದಾರೆ. ಉರಿಗಾಂನಲ್ಲಿದ್ದಾರೆ. ಎರಡು ಹಸು ಕಟ್ಟಿಕೊಂಡು, ಬೆಳಿಗ್ಗೆ ಸಂಜೆ ಮನೆಮನೆಗೆ ಹಾಲು ಹಾಕಿ, ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ ಒಂದೇ ಒಂದು ಬಾಟಲಿ ಬಿಯರು ಕುಡಿಯುತ್ತಾರೆ. ಅದೂ ಎಲ್ಲ ಸರಿಯಿದ್ದರೆ! ಅವರ ಲೆಕ್ಕದಲ್ಲಿ ಎಲ್ಲವೂ ಸರಿಯಿರುವ ಭಾನುವಾರಗಳು ವರ್ಷದಲ್ಲಿ ಎಷ್ಟು ಬರುತ್ತವೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಹುಟ್ಟಿದ್ದು ಕಾಮಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ, ರಾಗಿ ಬೆಳೆಯುವ ಮನೆಯಲ್ಲಿ. ಮೀಸೆ ಬರುವ ವಯಸ್ಸಿಗೆ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಗೆ ಸೇರಿದರು. ಗಣಿಯ ಆಳದಲ್ಲಿ ಕಲ್ಲೇ ಬೆಚ್ಚಗಿರುತ್ತದಂತೆ. ಕೈಯಿಟ್ಟರೆ ಆಗಷ್ಟೇ ಇಳಿಸಿದ ಹಂಚಿನ ಹಾಗೆ. ಪಾಳಿ ಮುಗಿಸಿ ಮೇಲೆ ಬಂದವರಿಗೆ ತಣ್ಣಗಿರುವುದು ಏನು ಸಿಕ್ಕರೂ ಸರಿ, ಗಟಗಟ ಒಳಗೆ ಹೋಗುತ್ತಿತ್ತು. ಮಾವನೂ ಹಾಗೇ ಕುಡಿಯುತ್ತಿದ್ದರಂತೆ. ಒಂದು ದಿನ, ಸಾಹೇಬರ ಬಂಗಲೆಯಲ್ಲಿ ಬಟ್ಲರ್ ಆಗಿ ನಿವೃತ್ತನಾಗಿದ್ದ ಒಬ್ಬ ತಮಿಳು ಮುದುಕ ಪಕ್ಕದಲ್ಲಿ ಕೂತು ಇವರನ್ನೇ ನೋಡಿದನಂತೆ. ಆಮೇಲೆ ಇವರ ಕೈಯಿಂದ ಬಾಟಲಿ ತೆಗೆದುಕೊಂಡು, ಗಾಜಿನ ಗ್ಲಾಸು ಓರೆ ಮಾಡಿ ಸುರಿದು, ಕೊನೆಗೆ ನೆಟ್ಟಗೆ ಮಾಡಿ ಎರಡು ಬೆರಳು ನೊರೆ ನಿಲ್ಲಿಸಿ, "ತಂಬಿ, ಅವಸರಪಡಾದೇ. ಮೊದಲು ಮೂಗು, ಆಮೇಲೆ ನಾಲಿಗೆ" ಎಂದನಂತೆ. ಅವತ್ತಿನಿಂದ ನಮ್ಮ ಮಾವ ಕೆಟ್ಟರು. ಅಂದರೆ, ಬೇರೆಯವರು ಕುಡಿತದಿಂದ ಕೆಡುತ್ತಾರೆ. ಇವರು ಚೆನ್ನಾಗಿ ಕುಡಿಯುವುದನ್ನು ಕಲಿತು ಕೆಟ್ಟರು.

ಗಣಿ ಮುಚ್ಚಿತು. ಹಸು ಬಂದವು. ಬಿಯರಿನ ವಿಚಾರ ಮಾತ್ರ ಹಾಗೇ ಉಳಿಯಿತು.

ನಮ್ಮತ್ತೆ ಅದನ್ನು ಮುಟ್ಟುವವರಲ್ಲ. ಮನೆಗೆ ಫ್ರಿಜ್ಜು ಬಂದ ದಿನವೇ ಹೇಳಿಬಿಟ್ಟಿದ್ದರು: ಒಳಗೆ ಪ್ರಸಾದ ಇಡುತ್ತೇನೆ, ಹೆಪ್ಪು ಹಾಕಿದ ಮೊಸರು ಇಡುತ್ತೇನೆ, ಅದರ ಪಕ್ಕದಲ್ಲಿ ಬಾಟಲಿ ಕಂಡರೆ ನಾನು ಮನೆಯಲ್ಲಿರುವುದಿಲ್ಲ ಎಂದು. ಮಾವ ಜಗಳಕ್ಕೇ ಹೋಗಲಿಲ್ಲ. ಫ್ರಿಜ್ಜು ಬಿಯರಿಗೆ ಲಾಯಕ್ಕಾದ ಜಾಗವೇ ಅಲ್ಲವಂತೆ. ಗಳಿಗೆಗೊಮ್ಮೆ ಬಾಗಿಲು ತೆಗೆಯುತ್ತಾರೆ, ಬಾಗಿಲಲ್ಲಿಟ್ಟ ಬಾಟಲಿ ಅಲುಗುತ್ತದೆ, ತೆಗೆದಾಗಲೆಲ್ಲ ಮುಖದ ಮೇಲೆ ಲೈಟು ಬೀಳುತ್ತದೆ, ಪಾಪ ಅದಕ್ಕೆ ನೆಮ್ಮದಿ ಎಲ್ಲಿ? ಹೀಗೆಂದು ಬಚ್ಚಲುಮನೆಯ ಮೂಲೆಯಲ್ಲಿ ಒಂದು ಅಗಲ ಬಾಯಿಯ ಮಡಕೆಯನ್ನು ಒದ್ದೆ ಮರಳಿನಲ್ಲಿ ಹುಗಿದು, ಮೇಲೆ ಗೋಣಿಚೀಲ ಹೊದಿಸಿದರು. ಬಾಟಲಿ ಅದರೊಳಗೆ ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ಒಳಗಿನ ಗಾಳಿ ಹೆಚ್ಚು ತಾಗಿ ಬೇಗ ಹಳಸುತ್ತದೆಯಂತೆ. ನೆಂಟರು ಸ್ನಾನಕ್ಕೆ ಹೋದರೆ ಮಾವ ಹೊರಗೆ ನಿಂತು, ಬಿಸಿನೀರು ಆ ಕಡೆ ಚೆಲ್ಲಬೇಡಿ ಎಂದು ಕೂಗಿ ಹೇಳುತ್ತಿದ್ದರು. ಅಲ್ಲಿ ಏನಿದೆಯೆಂದು ತಿಳಿಯದ ಎಷ್ಟೋ ಜನ ಅದು ನಾಗರ ಹುತ್ತವಿರಬೇಕೆಂದು ಹೆದರಿ, ಎರಡೇ ಚೊಂಬು ನೀರಿಗೆ ಸ್ನಾನ ಮುಗಿಸಿ ಬಂದಿದ್ದಾರೆ.

ಗ್ಲಾಸಿನ ಕಥೆ ಇನ್ನೂ ದೊಡ್ಡದು. ಅದಕ್ಕೆ ಗೂಡಿನಲ್ಲಿ ಬೇರೆ ಜಾಗ. ತೊಳೆಯುವವರು ಅವರೇ. ಪಾತ್ರೆ ಉಜ್ಜುವ ನಾರು ತಾಗಬಾರದು, ಬಟ್ಟೆಯಲ್ಲಿ ಒರೆಸಬಾರದು, ಬೋರಲು ಹಾಕಿ ತಾನಾಗಿ ಆರಬೇಕು. ನಾನು ಡಿಗ್ರಿ ಓದುವಾಗ ಒಮ್ಮೆ ಅವರ ಮನೆಗೆ ಹೋದವಳು, ಕೈಗೆ ಸಿಕ್ಕ ಆ ಗ್ಲಾಸಿನಲ್ಲೇ ಹಾಲು ಕುಡಿದು, ತೊಳೆದು ಅಲ್ಲೇ ಇಟ್ಟೆ. ಮಾರನೆಯ ದಿನ ಭಾನುವಾರ. ಮಾವ ಬಿಯರು ಸುರಿದರು. ನೊರೆ ಎದ್ದಷ್ಟೇ ವೇಗದಲ್ಲಿ ಮಲಗಿತು. ಗುಳ್ಳೆಗಳು ಗಾಜಿನ ಒಳಗೋಡೆಗೆ ಅಂಟಿಕೊಂಡು ಕೂತವು. ಮಾವ ಗ್ಲಾಸನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಶಾಂತವಾಗಿ, "ಯಾರಮ್ಮ ಇದ್ರಲ್ಲಿ ಆಲು ಕುಡ್ದಿದ್ದು?" ಎಂದರು.

ಸ್ಟೇಷನ್ನಿನಲ್ಲಿ ಕೂರಿಸಿ ಕೇಳಿದ್ದರೂ ನಾನು ಅಷ್ಟು ಬೇಗ ಒಪ್ಪಿಕೊಳ್ಳುತ್ತಿರಲಿಲ್ಲ. ಒಂಚೂರು ಜಿಡ್ಡು ಉಳಿದರೂ ನೊರೆ ಸಾಯುತ್ತದೆ, ನೊರೆ ಸತ್ತರೆ ಪರಿಮಳ ಹೋಗುತ್ತದೆ ಎಂದು ಅವತ್ತು ಕಲಿತೆ. ದಿನಾ ಹತ್ತಾರು ಲೀಟರು ಹಾಲು ಮಾರುವ ಮನುಷ್ಯನಿಗೆ ಜಗತ್ತಿನಲ್ಲಿದ್ದ ಒಬ್ಬನೇ ಶತ್ರು ಹಾಲು!

ಮನೆಯ ಮಡಕೆ ಖಾಲಿಯಿದ್ದ ಭಾನುವಾರಗಳಲ್ಲಿ ಮಾವ ರಾಬರ್ಟ್‌ಸನ್‌ಪೇಟೆಯ ಒಂದು ಬಾರಿಗೆ ಹೋಗುತ್ತಿದ್ದರು. ಅದರ ಯಜಮಾನರು ಮೂರು ಭಾಷೆಯನ್ನು ಒಂದೇ ವಾಕ್ಯದಲ್ಲಿ ಮಾತಾಡುವ ಸಾಧು ಮನುಷ್ಯ. ತಮ್ಮ ಬಿಯರು ಊರಿನಲ್ಲೇ ಅತಿ ತಣ್ಣಗಿನದು ಎಂಬುದು ಅವರ ಹೆಮ್ಮೆ. ಮಾವ ಆ ಬಾಟಲಿಯನ್ನು ಮೇಜಿನ ಮೇಲಿಟ್ಟು ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದರು. ನಾಲಿಗೆ ಮರಗಟ್ಟಿದರೆ ರುಚಿ ಯಾರಿಗೆ ಗೊತ್ತಾಗಬೇಕು ಎಂಬುದು ಇವರ ವಾದ. ಪಕ್ಕದ ಮೇಜಿನವರು ಎರಡು ಬಾಟಲಿ ಮುಗಿಸಿ ಮೂರನೆಯದಕ್ಕೆ ಕೈಯೆತ್ತುವಾಗ ಇವರಿನ್ನೂ ಮೊದಲ ಬಾಟಲಿಯ ಹೊಟ್ಟೆ ಸವರಿ, ಚಳಿ ಬಿಟ್ಟಿದೆಯೇ ಎಂದು ನೋಡುತ್ತಿರುತ್ತಿದ್ದರು.

ಆ ಬಾರಿನಲ್ಲಿ ಒಂದು ದೋಷವಿತ್ತು. ಬಾಟಲಿಗಳನ್ನು ಗಿರಾಕಿಗಳ ಕಣ್ಣಿಗೆ ಬೀಳಲೆಂದು ಪಡುವಣ ಕಿಟಕಿಯ ಪಕ್ಕದಲ್ಲಿ ಜೋಡಿಸಿದ್ದರು. ಸಂಜೆ ಬಿಸಿಲು ನೇರ ಅವುಗಳ ಮೇಲೆ. ಮಾವ ಹೇಳಿ ಹೇಳಿ ಸಾಕಾಗಿ, ಒಂದು ಭಾನುವಾರ ಸುತ್ತಿಗೆ, ಮೊಳೆ, ಹಳೆಯ ಸೀರೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ತಾವೇ ಕಿಟಕಿಗೆ ಪರದೆ ಕಟ್ಟಿ ಬಂದರು. ವಾರದ ಮೇಲೆ ಅತ್ತೆ ಮಾರ್ಕೆಟ್ಟಿಗೆಂದು ಆಟೋದಲ್ಲಿ ಆ ದಾರಿಯಲ್ಲಿ ಹೋದರು. ಆಟೋ ನಿಲ್ಲಿಸಿ, ಇಳಿದು, ಬಾರಿನ ಮುಂದೆ ನಿಂತು ನೋಡಿದರು. ಎಂಟು ದಿನ ಮಾವನ ಜೊತೆ ಮಾತಿಲ್ಲ. ಬಾರಿಗೆ ತಮ್ಮ ಸೀರೆ ಹೋಗಿದ್ದಕ್ಕೆ ಸಿಟ್ಟೇ ಎಂದು ನಾನು ಕೇಳಿದಾಗ ಅತ್ತೆ ಹೇಳಿದ್ದಿಷ್ಟು: "ಕಟ್ಟಲಿ, ಬ್ಯಾಡ ಅಂದೋರ್ಯಾರು? ಅಂಚು ತಲೆಕೆಳಗಾಗಿ ಕಟ್ಟವ್ರೆ."

ನಾನು ಬಂಗಾರಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನನಗೆ ಕೆಲಸ ಸಿಕ್ಕಿದ್ದು ಮಾವನಿಗೆ ಎರಡು ರೀತಿಯಲ್ಲಿ ಅನುಕೂಲವಾಯಿತು. ಒಂದು, ಬಂಗಾರಪೇಟೆಯ ಅಂಗಡಿಗಳಲ್ಲಿ ಮಾಲು ಬೇಗ ಖರ್ಚಾಗುವುದರಿಂದ ಹೊಸ ತಾರೀಖಿನ ಬಾಟಲಿ ಸಿಗುತ್ತದೆ. ನನ್ನನ್ನು ನೋಡುವ ನೆಪದಲ್ಲಿ ಬಂದು ಕೊಂಡು ಹೋಗಬಹುದು. ವಾಪಸು ಹೋಗುವಾಗ ಒದ್ದೆ ಗೋಣಿಯಲ್ಲಿ ಸುತ್ತಿದ ಬಾಟಲಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ನೆರಳಿನ ಕಡೆ ಕೂರುತ್ತಿದ್ದರು. ರೈಲು ತಿರುಗಿ ಬಿಸಿಲು ಈ ಕಡೆ ಬಂದರೆ ಎದ್ದು ಆ ಕಡೆಗೆ. ಉರಿಗಾಂ ಬರುವಷ್ಟರಲ್ಲಿ ಮೂರು ನಾಲ್ಕು ಸೀಟು ಬದಲಾಗುತ್ತಿತ್ತು. ಅದೇನೆಂದು ಯಾರಾದರೂ ಕೇಳಿದರೆ, ಹಸುವಿಗೆ ಇಂಜೆಕ್ಷನ್ನು, ಬಿಸಿಲು ತಾಗಬಾರದು ಎನ್ನುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ಮರುಗಿ, ತನ್ನ ಕೊಡೆಯನ್ನೇ ಬಿಚ್ಚಿ ಬಾಟಲಿಯ ಮೇಲೆ ಹಿಡಿದುಕೊಂಡು ಬಂದಳಂತೆ.

ಎರಡನೆಯ ಅನುಕೂಲ, ಅವರ ಪ್ರಶ್ನೆಗಳಿಗೆ ಉತ್ತರ ಹೇಳಲು ಒಬ್ಬಳು ಸಿಕ್ಕಳು. ಬಿಸಿಲು ಬಿದ್ದರೆ ಬಿಯರಿಗೆ ಆ ದರಿದ್ರ ವಾಸನೆ ಯಾಕೆ ಬರುತ್ತದೆ? ಬಾಟಲಿ ಕಂದು ಬಣ್ಣ ಯಾಕೆ? ನಾನು ಓದಿ ನೋಡಿದೆ. ಬಿಯರಿಗೆ ಕಹಿ ಕೊಡಲು ಹಾಪ್ಸ್ ಎಂಬ ಒಂದು ಬಳ್ಳಿಯ ಹೂವು ಹಾಕುತ್ತಾರೆ. ಅದರ ಸತ್ವವನ್ನು ಬೆಳಕು ಒಡೆದು ದುರ್ವಾಸನೆಯ ಇನ್ನೊಂದು ವಸ್ತು ಮಾಡುತ್ತದೆ. ಕಂದು ಗಾಜು ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜಿಗೆ ಆ ಶಕ್ತಿ ಕಡಿಮೆ. ಮಾವ ಎಲ್ಲ ಕೇಳಿ, "ಪುಸ್ತಕದ ಮಾತು ಸರಿ. ನೀನು ಕಣ್ಣಾರೆ ಕಂಡಿದೀಯಾ?" ಎಂದರು. ವಿಜ್ಞಾನದ ಟೀಚರಿಗೆ ಯಾರಾದರೂ ಹೀಗೆ ಕೇಳಬಹುದೇ?

ಏಪ್ರಿಲ್ ತಿಂಗಳು. ನಮ್ಮ ಬಾಡಿಗೆ ಮನೆಯ ತಾರಸಿ. ಒಂದು ಕಂದು ಬಾಟಲಿ, ಒಂದು ಹಸಿರು, ಇನ್ನೊಂದು ಹಸಿರು ಬಾಟಲಿಗೆ ಪೇಪರು ಸುತ್ತಿದ್ದು. ಶಾಖದ ವ್ಯತ್ಯಾಸ ಬರಬಾರದೆಂದು ಮೂರನ್ನೂ ಒಂದೇ ಬಕೆಟ್ ನೀರಿನಲ್ಲಿ ನಿಲ್ಲಿಸಿದೆ. ಶಾಖಕ್ಕೆ ಬರುವ ವಾಸನೆಯೇ ಬೇರೆ, ಅದು ಒದ್ದೆ ರಟ್ಟಿನದು ಎಂದು ಮಾವ ಮೊದಲೇ ಎಚ್ಚರಿಸಿದ್ದರು. ಮಧ್ಯಾಹ್ನ ಮನೆ ಓನರ್ ಆಂಟಿ ಸಂಡಿಗೆ ಹರಡಲು ಮೇಲೆ ಬಂದರು. ಬಕೆಟ್ ನೋಡಿದರು. ನನ್ನನ್ನು ನೋಡಿದರು. ಇದು ಸೈನ್ಸ್ ಪ್ರಾಜೆಕ್ಟು ಆಂಟಿ ಎಂದೆ.

"ಯಾವ ಕ್ಲಾಸಿಂದಮ್ಮ?" ಎಂದರು.

ಸಂಜೆ ಮಾವನ ಕಣ್ಣಿಗೆ ಟವೆಲು ಕಟ್ಟಿ ಒಂದೊಂದಾಗಿ ಮೂಸಲು ಕೊಟ್ಟೆ. ಮೂರನ್ನೂ ಸರಿಯಾಗಿ ಹೇಳಿದರು. ಬಿಸಿಲು ತಿಂದ ಹಸಿರು ಬಾಟಲಿ ಬಂದಾಗ ಮುಖ ತಿರುಗಿಸಿ, ಬೆಕ್ಕು ಮೂಲೆಯಲ್ಲಿ ಮಾಡಿದೆ ಎಂದರು. ಕುತೂಹಲ ತಡೆಯಲಾರದೆ ಆಂಟಿಯೂ ಮೂಸಿದರು. ಅವರೂ ಬೆಕ್ಕೇ ಎಂದರು. ನಾನೂ ಮೂಸಿದೆ. ಕುಡಿದೆನೋ ಇಲ್ಲವೋ ಎಂಬುದನ್ನು ನೀವು ಕೇಳಬಾರದು, ಸರ್ಕಾರಿ ನೌಕರಿಯಲ್ಲಿರುವ ನಾನು ಹೇಳಬಾರದು. ಆದರೆ ಅಂದಿನಿಂದ ಮಾವನ ಹುಚ್ಚನ್ನು ಹುಚ್ಚೆಂದು ಕರೆಯುವ ಧೈರ್ಯ ನನಗೆ ಬರಲಿಲ್ಲ. ಅಷ್ಟು ಸೂಕ್ಷ್ಮವಾಗಿ ಜಗತ್ತನ್ನು ಮೂಸಿ ನೋಡುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಕಳೆದ ಚಳಿಗಾಲದಲ್ಲಿ, ಒಂದು ಸೋಮವಾರ, ಆ ಬಾರಿನ ಯಜಮಾನರು ನನಗೆ ಫೋನು ಮಾಡಿದರು. ಯಾವಾಗಲೋ ಮಾವನೇ ನನ್ನ ನಂಬರು ಕೊಟ್ಟಿದ್ದರಂತೆ, ಅನುಮಾನವಿದ್ದರೆ ನಮ್ಮ ಹುಡುಗಿಯನ್ನು ಕೇಳಿ ಎಂದು. ಯಜಮಾನರ ದನಿಯಲ್ಲಿ ಗಾಬರಿಯಿತ್ತು.

"ಮೇಡಂ, ನಿನ್ನೆ ಅಣ್ಣ ಬಂದಿದ್ರು. ಪರದೆ ಒಗೆಯಕ್ಕೆ ಆಕಿದ್ವಿ. ಎರಡು ದಿನ ಬಿಸಿಲಲ್ಲಿದ್ದ ಅಸಿರು ಬಾಟ್ಲಿ, ನೋಡ್ದೆ ಅದನ್ನೇ ಕೊಟ್ಬಿಟ್ಟೆ. ಅಣ್ಣ ಏನೂ ಅನ್ಲಿಲ್ಲ ಮೇಡಂ. ಪೂರ್ತಿ ಕುಡಿದು, ಚೆನ್ನಾಗಿತ್ತು ಅಂತ ಏಳಿ ಓದ್ರು. ಅವರಿಗೆ ಮೈ ಉಷಾರಿಲ್ವಾ?"

ಮೊದಲು ನನಗೆ ನಗು ಬಂತು. ಇಷ್ಟು ವರ್ಷ ಬೈಸಿಕೊಂಡ ಮನುಷ್ಯ, ಬೈಯಲಿಲ್ಲವೆಂದು ಹೆದರಿ ಫೋನು ಮಾಡಿದ್ದಾರೆ! ಫೋನು ಇಟ್ಟ ಮೇಲೆ ನಗು ನಿಂತಿತು. ನಮ್ಮ ಮಾವ ಚೆನ್ನಾಗಿತ್ತು ಎಂದರೇ? ಆ ವಾರವೆಲ್ಲ ಅದೇ ಯೋಚನೆ. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಉರಿಗಾಂಗೆ ಹೋದೆ.

ಬಾಗಿಲು ಮುಂದೆ ಮಾಡಿತ್ತು. ತಳ್ಳಿದ ಕೂಡಲೇ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಓಡಿದೆ. ಹಾಲು ಉಕ್ಕಿ ಒಲೆ ಆರಿದೆ, ಗ್ಯಾಸು ಬರುತ್ತಲೇ ಇದೆ, ಮಾವ ಅದರ ಮುಂದೆ ನಿಂತು ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆಯುತ್ತಿದ್ದಾರೆ. ನಾನು ಏನು ಕೂಗಿದೆನೋ ನೆನಪಿಲ್ಲ. ಪೊಟ್ಟಣ ಕಿತ್ತುಕೊಂಡು, ಗ್ಯಾಸು ಬಂದ್ ಮಾಡಿ, ಕಿಟಕಿ ತೆಗೆದು, ಅವರ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಬಂದೆ. ಅತ್ತೆ ಹಸು ಹೊಡೆದುಕೊಂಡು ಹೋಗಿದ್ದರು. ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತೆವು.

"ವಾಸನೆ ಜಾಸ್ತಿ ಇತ್ತಾ?" ಎಂದು ಮಾವ ಮೆಲ್ಲಗೆ ಕೇಳಿದರು.

ದೀಪಾವಳಿಯ ಹೊತ್ತಿಗೆ ಒಂದು ಜ್ವರ ಬಂದಿತ್ತು. ನೆಗಡಿಯಿಂದ ಮೂಗು ಕಟ್ಟಿದೆ, ಬಿಡುತ್ತದೆ ಎಂದುಕೊಂಡರಂತೆ. ನೆಗಡಿ ಹೋಯಿತು, ವಾಸನೆ ಬರಲಿಲ್ಲ. ಕೊಟ್ಟಿಗೆಯದಿಲ್ಲ, ಕಾಫಿಯದಿಲ್ಲ, ಸಾರಿನ ಒಗ್ಗರಣೆಯದಿಲ್ಲ. ಯಾರಿಗೂ ಹೇಳಿರಲಿಲ್ಲ. ಪ್ರತಿ ಬೆಳಿಗ್ಗೆ ಹಾಲಿನ ಕ್ಯಾನು ಮೂಸಿದ ಹಾಗೆ ಮಾಡಿ, ಅತ್ತೆ ನೋಡದಿರುವಾಗ ಒಂದು ಸೌಟು ಹಾಲು ಕಾಯಿಸಿ ಒಡೆಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರಂತೆ. ಬಾರಿಗೆ ಹೋಗುವುದನ್ನು ನಿಲ್ಲಿಸಿದರೆ ಯಾಕೆಂದು ಕೇಳುತ್ತಾರೆ. ಅದಕ್ಕೆ ಅಲ್ಲಿಗೂ ಹೋಗಿ, ಮೂಸಿದ ಹಾಗೆ ಮಾಡಿ, ಕಹಿನೀರು ಕುಡಿದು ಬರುತ್ತಿದ್ದರಂತೆ.

"ನನಗಾದ್ರೂ ಏಳ್ಬಾರ್ದಿತ್ತಾ ಮಾವ?" ಎಂದೆ.

"ಮೂಗಿಲ್ದೋನ ಅತ್ರ ಯಾರಮ್ಮ ಆಲು ತಗೊಂತಾರೆ?" ಎಂದರು. ಆಮೇಲೆ, "ಮೊನ್ನೆ ನಿಮ್ಮತ್ತೆ ಮಲ್ಲಿಗೆ ಮುಡ್ದು ಪಕ್ಕ ಬಂದು ಕೂತ್ಲು. ಕಣ್ಣಿಗೆ ಕಾಣ್ತು, ಅಷ್ಟೇಯ" ಎಂದರು.

ಅತ್ತೆಗೆ ನಾನೇ ಹೇಳಿದೆ. ಕಿರುಚಾಡುತ್ತಾರೆಂದು ಇಬ್ಬರೂ ಕಾದೆವು. ಅವರು ಒಲೆಯ ಮೇಲೆ ಉಕ್ಕಿದ ಹಾಲನ್ನು ಒರೆಸುತ್ತಲೇ ಇದ್ದರು; ಒರೆಸಿ ಮುಗಿದ ಮೇಲೂ ಒರೆಸಿದರು. ಸೋಮವಾರ ನಾವು ಮೂವರೂ ಬಂಗಾರಪೇಟೆಯಲ್ಲಿ ಕಿವಿ ಮೂಗಿನ ಡಾಕ್ಟರ ಹತ್ತಿರ ಹೋದೆವು. ಜ್ವರಕ್ಕೆ ವಾಸನೆಯ ನರ ಸೊರಗಿದೆ, ಬರಬಹುದು, ಬರದೆಯೂ ಇರಬಹುದು ಎಂದರು ಅವರು. ದಿನಕ್ಕೆರಡು ಸಲ ನಾಲ್ಕೈದು ಗಾಢ ವಾಸನೆಯ ಪದಾರ್ಥಗಳನ್ನು, ಅದೇನೆಂದು ಮನಸ್ಸಿನಲ್ಲಿ ನೆನೆಸಿಕೊಳ್ಳುತ್ತ, ನಿಧಾನವಾಗಿ ಮೂಸಬೇಕು. ತಿಂಗಳುಗಟ್ಟಲೆ.

ಅತ್ತೆ ಡಬ್ಬಿ ಹೊಂದಿಸಿದರು. ಲವಂಗ, ಕಾಫಿಪುಡಿ, ನಿಂಬೆಸಿಪ್ಪೆ, ಇಂಗು. ಬೆಳಿಗ್ಗೆ ಹಾಲು ಕರೆದ ಮೇಲೆ, ಸಂಜೆ ದೀಪ ಹಚ್ಚಿದ ಮೇಲೆ, ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಒಂದೊಂದನ್ನೇ ಮೂಗಿನ ಕೆಳಗೆ ಹಿಡಿಯುವರು. ಹಾಲು ಮೂಸುವ ಕೆಲಸವನ್ನೂ ತಾವೇ ವಹಿಸಿಕೊಂಡರು. ಒಂದು ದಿನ ಬೇಸತ್ತು ಸಗಣಿಯನ್ನೇ ಎಲೆಯ ಮೇಲೆ ತಂದು ಹಿಡಿದರಂತೆ. ಅದೂ ಬರುವುದಿಲ್ಲ ಎಂದರು ಮಾವ. ಹಾಗಿದ್ದರೆ ಇನ್ನು ಮೇಲೆ ಕೊಟ್ಟಿಗೆ ನೀವೇ ಬಾಚಿ ಎಂದು ಅತ್ತೆ ಪೊರಕೆ ಕೊಟ್ಟರಂತೆ. ಮಾವ ಬಾಚಿದರು.

ಎರಡು ತಿಂಗಳಾಯಿತು. ಒಮ್ಮೊಮ್ಮೆ ಲವಂಗ ಬಂದ ಹಾಗೆ, ಇಲ್ಲ, ಬರದ ಹಾಗೆ. ಬಿಯರನ್ನು ಮಾವ ಪೂರ್ತಿ ಬಿಟ್ಟರು. ಬಚ್ಚಲಿನ ಮಡಕೆಯ ಮರಳು ಒಣಗಿತು. ಅತ್ತೆ ಎಷ್ಟು ವರ್ಷ, ಎಷ್ಟು ದೇವರಿಗೆ ಹರಕೆ ಹೊತ್ತಿದ್ದು ಇದಕ್ಕೇ ಅಲ್ಲವೇ? ಸಂತೋಷ ಪಡಬೇಕಾದವರು ಒಂದು ಶನಿವಾರ ಸಂಜೆ ನನಗೆ ಫೋನು ಮಾಡಿದರು. ನಾಳೆ ಬರುವಾಗ ಒಂದು ಬಾಟಲಿ ತಾ ಎಂದರು. ನಾನು ಏನೆಂದು ಕೇಳುವ ಮೊದಲೇ, "ಕಂದು ಬಣ್ಣದ್ದು. ತಾರೀಕು ನೋಡ್ಕೊ. ಮುಂದ್ಗಡೆ ಇಟ್ಟಿರದು ತರಬ್ಯಾಡ, ಇಂದ್ಗಡೆಯಿಂದ ತೆಗ್ಸು" ಎಂದು ಇಟ್ಟುಬಿಟ್ಟರು.

ಹೈಸ್ಕೂಲು ಟೀಚರು ಬ್ರಾಂದಿ ಅಂಗಡಿಯ ಮುಂದೆ ನಿಲ್ಲುವುದೆಂದರೆ ಏನು ಗೊತ್ತೇ? ಸೆರಗು ಕಿವಿಯವರೆಗೆ ಹೊದ್ದುಕೊಂಡು ನಿಂತರೆ ಪಕ್ಕದಲ್ಲಿ ನನ್ನ ಒಬ್ಬ ವಿದ್ಯಾರ್ಥಿನಿಯ ಅಪ್ಪ! ಅವರು ನಮಸ್ಕಾರ ಮೇಡಂ ಎಂದರು. ನಾನೂ ನಮಸ್ಕಾರ ಎಂದೆ. ಮಗಳ ಗಣಿತದ ಮಾರ್ಕ್ಸಿನ ಬಗ್ಗೆ ಇಬ್ಬರೂ ಗಂಭೀರವಾಗಿ ಮಾತಾಡಿದೆವು. ಕೌಂಟರಿನವನಿಗೆ ಹಿಂದಿನದು ಕೊಡಿ, ಅದಕ್ಕೂ ಹಿಂದಿನದು ಎಂದು ನಾನು ಹೇಳುವುದನ್ನು ಅವರು ಬಹಳ ಗೌರವದಿಂದ ಕೇಳಿಸಿಕೊಂಡರು.

ಮಾವ ಹಿತ್ತಲಿನ ನೆರಳಿನಲ್ಲಿ ಕೂತಿದ್ದರು. ಬಾಟಲಿ ಕಂಡು, ಯಾಕಮ್ಮ ಇದು, ಸುಮ್ಮನೆ ದಂಡ ಎಂದರು. ಅತ್ತೆ ಒಳಗೆ ಹೋದರು. ಗ್ಲಾಸನ್ನು ನೀರಿನಲ್ಲಿ ಜಾಲಿಸಿ ತಂದರು. ಮುಚ್ಚಳ ತೆಗೆದರು. ಗ್ಲಾಸು ಓರೆ ಮಾಡಿ ನಿಧಾನವಾಗಿ ಸುರಿಯುತ್ತ, ಕೊನೆಗೆ ನೆಟ್ಟಗೆ ಮಾಡಿದರು. ಎರಡು ಬೆರಳು ನೊರೆ. ಇದನ್ನೆಲ್ಲ ಅವರು ಯಾವಾಗ ಕಲಿತರೋ ನನಗೆ ತಿಳಿಯದು. ಅಡುಗೆಮನೆಯ ಬಾಗಿಲಲ್ಲಿ ಮುಖ ಸಿಂಡರಿಸಿಕೊಂಡು ನಿಂತು ನೋಡುತ್ತಿದ್ದ ಭಾನುವಾರಗಳಲ್ಲಿ ಇರಬೇಕು. ಆಮೇಲೆ, ಆ ಗ್ಲಾಸನ್ನು ಮಾವನಿಗೆ ಕೊಡದೆ, ತಮ್ಮ ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.

"ಒಣಗಿದ ಉಲ್ಲಿದ್ದಂಗೈತೆ," ಎಂದರು. "ಬಣವೆ ಒಳಗೆ ಕೈ ಆಕಿದ್ರೆ ಬತ್ತದಲ್ಲ, ಅಂಗೆ." ಮತ್ತೊಮ್ಮೆ ಮೂಸಿದರು. "ಬೇಕರಿ ಮುಂದೆ ಓದ್ರೆ ಬನ್ನಿನ ವಾಸನೆ ಬತ್ತದೆ, ಅದು ಒಂಚೂರು. ಕಡೇಲಿ ಕಿತ್ತಳೆ ಸಿಪ್ಪೆ ಇಂಡಿದಂಗೆ."

ಮಾವ ಅವರನ್ನೇ ನೋಡುತ್ತಿದ್ದರು.

"ಕೆಟ್ಟ ವಾಸನೆ ಏನೂ ಇಲ್ವಾ?"

"ಇಲ್ಲ. ಕುಡೀರಿ."

ಮಾವ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು, ಬಹಳ ಹೊತ್ತಿನ ಮೇಲೆ ನುಂಗಿದರು. ಏನಾದರೂ ಗೊತ್ತಾಯಿತೇ ಎಂದು ಅತ್ತೆ ಕೇಳಿದರು. ಮಾವ ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಗ್ಲಾಸನ್ನು ಅತ್ತೆಯ ಕಡೆಗೆ ಚಾಚಿ, "ವಾಸನೆ ಎಂಗೈತೆ, ಇನ್ನೊಂದ್ಸಲ ಏಳು" ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತರು. ಗ್ಲಾಸು ತೆಗೆದುಕೊಂಡು ಮೂಸಿ, ಮತ್ತೆ ಮೊದಲಿನಿಂದ ಹೇಳತೊಡಗಿದರು.